ವರದಿಯ ಒಂದು ಅಂಕಣ

ಇಂದು ವಿದೇಶಿ ನೆರವಿನ ಕುಡಿಯುವ ನೀರಿನ ಯೋಜನೆಯೊಂದರ ವರದಿಯನ್ನು ಓದುತ್ತಿದ್ದೆ. ‘ಲಿಂಗ ಸಮಾನತೆ’ ಎಂಬ ಅಂಕಣದಲ್ಲಿ ಸಭೆಗೆ ಬಂದ ಮಹಿಳೆಯರ ಸಂಖ್ಯೆಯನ್ನಷ್ಟೇ ಬರೆದಿದ್ದರು. ಅವರಲ್ಲಿ ಎಷ್ಟು ಜನ ಮಾತನಾಡಿದರು, ಕೈಪಂಪು ಎಲ್ಲಿರಬೇಕೆಂದು ನೀರು ಹೊರುವವರನ್ನೇ ಕೇಳಲಾಯಿತೇ, ಅದು ಕೆಟ್ಟಾಗ ಸರಿಪಡಿಸುವ ಕೆಲಸವನ್ನು ಯಾರಿಗೆ ಕಲಿಸಿದರು ಎಂಬುದು ಎಲ್ಲಿಯೂ ಇರಲಿಲ್ಲ. ಮನಸ್ಸಿಗೆ ನೋವಾಯಿತು.

ಸಮಾನತೆಯನ್ನು ಪ್ರತ್ಯೇಕ ಮಹಿಳಾ ಯೋಜನೆಗಳಿಗೆ ಸೀಮಿತಗೊಳಿಸದೆ ಎಲ್ಲ ನೀತಿ, ಕಾರ್ಯಕ್ರಮಗಳಲ್ಲಿಯೂ ಅಳವಡಿಸಬೇಕೆಂದು 1995ರ ಬೀಜಿಂಗ್ ಮಹಿಳಾ ಸಮ್ಮೇಳನದಲ್ಲಿ ಸರ್ಕಾರಗಳು ಒಪ್ಪಿಕೊಂಡವು. 1997ರಲ್ಲಿ ವಿಶ್ವಸಂಸ್ಥೆಯ ಆರ್ಥಿಕ ಮತ್ತು ಸಾಮಾಜಿಕ ಮಂಡಳಿ ಅದಕ್ಕೊಂದು ವ್ಯಾಖ್ಯೆಯನ್ನೂ ನೀಡಿತು. ಬಹುಪಾಲು ಶ್ರೀಮಂತ ದೇಶಗಳ ಆರ್ಥಿಕ ಸಹಕಾರ ಸಂಘಟನೆಯಾದ ಓಇಸಿಡಿಯ ಪದ್ಧತಿಯಂತೆ ನೆರವು ನೀಡುವ ದೇಶಗಳು ತಮ್ಮ ಯೋಜನೆಗಳಿಗೆ ಅಂಕಿಯ ಗುರುತು ಹಾಕುತ್ತವೆ: ಸಮಾನತೆಯೇ ಪ್ರಧಾನ ಗುರಿಯಾಗಿದ್ದರೆ 2, ಇತರ ಗುರಿಗಳ ಜೊತೆಗಿನ ಮಹತ್ವದ ಗುರಿಯಾಗಿದ್ದರೆ 1, ಗುರಿಯೇ ಅಲ್ಲದಿದ್ದರೆ 0. ಹಣ ಎತ್ತ ಹೋಗುತ್ತಿದೆ ಎಂಬುದನ್ನು ತಿಳಿಯಲು ಇದು ನಿಜಕ್ಕೂ ಬೇಕು. ಆದರೆ ಆ ಅಂಕಿ ಹೇಳುವುದು ಯೋಜನೆಯ ಉದ್ದೇಶವನ್ನೇ ಹೊರತು ಅದರ ಫಲವನ್ನಲ್ಲ.

ಮೇಲಿನ ಹಂತದಲ್ಲಿ ರೂಪುಗೊಳ್ಳುವ ನೀತಿಯಂತೂ ಸರ್ಕಾರ ಬದಲಾದರೆ ಬದಲಾಗುತ್ತದೆ. ಸ್ವೀಡನ್ 2014ರಲ್ಲಿ ಘೋಷಿಸಿದ್ದ ಸ್ತ್ರೀವಾದಿ ವಿದೇಶಾಂಗ ನೀತಿಯನ್ನು 2022ರಲ್ಲಿ ಕೈಬಿಟ್ಟಿತು. ಹಾಗಾಗಿ ನನ್ನ ಗಮನ ಸಣ್ಣ ನಿರ್ಧಾರಗಳ ಕಡೆಗೇ ಹೋಗುತ್ತದೆ. ಅಡುಗೆಯ ಹೊತ್ತಿಗೆ ಸಭೆ ಕರೆದರೆ ಯಾರು ಬರಲಾರರು, ತರಬೇತಿಯ ವೇಳೆ ಕೂಸನ್ನು ನೋಡಿಕೊಳ್ಳುವವರಿಗೆ ಬಜೆಟ್‌ನಲ್ಲಿ ಹಣವಿದೆಯೇ, ನೀರಿನ ಸಮಿತಿಯ ಬ್ಯಾಂಕ್ ಖಾತೆಗೆ ಸಹಿ ಹಾಕುವ ಅಧಿಕಾರ ಯಾರಿಗಿದೆ? ಮುಂದಿನ ವರದಿಯಲ್ಲಿ ನಾನು ಮೊದಲು ಹುಡುಕುವುದು ಆ ಸಹಿಯನ್ನೇ.