ನಾಲ್ಕು ಗಂಟೆಯ ಹತ್ತು ನಿಮಿಷ

ಕುಶಾಲನಗರದ ಹತ್ತಿರ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ನಾನು ಸೂಪರ್‌ವೈಸರ್. ಹದಿನಾಲ್ಕು ವರ್ಷ ಆಯಿತು. ಬೀಜ ಆರಿಸುವ ಹಾಲ್ ನನ್ನ ಜವಾಬ್ದಾರಿ. ತೋಟದಿಂದ ಬಂದ ಚೆರ್ರಿ (ಹಣ್ಣನ್ನು ಹಾಗೆಯೇ ಒಣಗಿಸಿದ್ದು), ಪಾರ್ಚ್‌ಮೆಂಟ್ (ತಿರುಳು ತೆಗೆದು ಒಣಗಿಸಿದ್ದು) ಎಲ್ಲ ಹಲ್ಲರ್‌ನಲ್ಲಿ ಸಿಪ್ಪೆ ಬಿಟ್ಟು, ಜರಡಿಯಲ್ಲಿ ಗಾತ್ರಕ್ಕೆ ತಕ್ಕಂತೆ ಬೇರೆಯಾಗಿ ಕೊನೆಗೆ ನಮ್ಮ ಹೆಂಗಸರ ಕೈಗೆ ಬರುತ್ತದೆ. ಬಣ್ಣ ನೋಡಿ ಬೇರ್ಪಡಿಸುವ ಮೆಷಿನ್ ಬಂದಿದೆ. ಆದರೂ ಒಳ್ಳೆಯ ಲಾಟ್‌ಗಳನ್ನು ಒಮ್ಮೆ ಕೈಯಲ್ಲಿ ಆರಿಸದೆ ನಾವು ಕಳಿಸುವುದಿಲ್ಲ. ಕಪ್ಪು ಬೀಜ, ಒಡಕು, ಕಾಯಿಕೊರಕ ಹೊಡೆದದ್ದು, ಸಣ್ಣ ಕಲ್ಲು, ಎಲ್ಲ ತೆಗೆಯಬೇಕು. ಕಣ್ಣು, ಬೆರಳು ಎರಡೂ ಒಟ್ಟಿಗೆ ಓಡಬೇಕು, ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದೂವರೆವರೆಗೆ.

ಒಂದು ಸೀಸನ್‌ನಲ್ಲಿ ನಾನು ಮಾಡಿದ ತಪ್ಪಿನಿಂದ ಈ ಅನುಭವ ಶುರುವಾಗುತ್ತದೆ.

ಅದು ಫೆಬ್ರವರಿ. ರೊಬಸ್ಟಾ ಕೊಯ್ಲಿನ ಜೋರು. ಗೋಡೌನ್ ತುಂಬ ಮೂಟೆ, ಹೊರಗೆ ಲಾರಿ ಸಾಲು. ಲೋಡ್ ಬೇಗ ಹೋಗಬೇಕು ಅಂತ ಮೇಲಿನಿಂದ ದಿನಾ ಫೋನ್. ನಾನು ಹಾಲ್‌ನಲ್ಲಿ ನಿಂತು ಹೇಳಿಬಿಟ್ಟೆ: "ಊಟದ ಅರ್ಧ ಗಂಟೆ ಬಿಟ್ಟರೆ ಮಧ್ಯೆ ಮಧ್ಯೆ ಯಾರೂ ಏಳಬಾರದು. ಟೀ ಕೂತಲ್ಲಿಗೇ ಬರುತ್ತೆ." ಕಾನೂನಿನ ಪ್ರಕಾರ ನಾನು ಹೇಳಿದ್ದು ಸರಿಯೇ ಇತ್ತು. 1948ರ ಕಾರ್ಖಾನೆ ಕಾಯ್ದೆ ಹೇಳಿದ್ದು ಇಷ್ಟೇ: ಒಂದೇ ಸಮನೆ ಐದು ಗಂಟೆಗಿಂತ ಜಾಸ್ತಿ ಕೆಲಸ ಬೇಡ, ಕನಿಷ್ಠ ಅರ್ಧ ಗಂಟೆ ವಿಶ್ರಾಂತಿ ಕೊಡಿ. ನಮ್ಮಲ್ಲಿ ಊಟದ ಹಿಂದೆ ನಾಲ್ಕು ಗಂಟೆ, ಊಟದ ಮುಂದೆ ನಾಲ್ಕು ಗಂಟೆ. ಲೆಕ್ಕ ಸರಿಹೋಯಿತು ಅಂತ ನಾನು ನೆಮ್ಮದಿಯಾಗಿದ್ದೆ.

ಹಾಲ್‌ನಲ್ಲಿ ನಾಪೋಕ್ಲು ಕಡೆಯ ಒಬ್ಬ ಹಿರಿಯ ಹೆಂಗಸು ಇದ್ದರು. ಎಲ್ಲರೂ ಅವರನ್ನು ಉಮ್ಮ ಅಂತಲೇ ಕರೆಯುವುದು. ದಿನಾ ನಾಲ್ಕರ ಹೊತ್ತಿಗೆ ಎದ್ದು, ಹಿಂದಿನ ನಲ್ಲಿಯಲ್ಲಿ ಕೈ ಕಾಲು ಮುಖ ತೊಳೆದು, ಖಾಲಿ ಗೋಣಿ ಇಡುವ ಮೂಲೆಯಲ್ಲಿ ಅಸರ್ ನಮಾಜ್ ಮಾಡಿ ಬರುತ್ತಿದ್ದರು. ಮಧ್ಯಾಹ್ನದ ನಮಾಜ್ ಹೇಗೂ ಊಟದ ಬಿಡುವಿನಲ್ಲಿ ಮುಗಿಯುತ್ತಿತ್ತು. ನನ್ನ ಮಾತು ಬಿದ್ದದ್ದು ಈ ನಾಲ್ಕು ಗಂಟೆಯದ್ದರ ಮೇಲೆ. ಅವರು ಜಗಳ ಆಡಲಿಲ್ಲ. "ಆಯ್ತು ಮೋಳೇ" ಅಂದರು. ಮಗಳೇ ಅಂತ ಅರ್ಥ. ಆ ಮಾತು ಇವತ್ತಿಗೂ ನನಗೆ ಚುಚ್ಚುತ್ತದೆ.

ಏಳುತ್ತಿದ್ದವರು ಅವರೊಬ್ಬರೇ ಅಲ್ಲ ಅಂತ ಆಮೇಲೆ ಗೊತ್ತಾಯಿತು. ವಿರಾಜಪೇಟೆ ಕಡೆಯ ಕ್ರೈಸ್ತ ಅಕ್ಕ ಒಬ್ಬರು ಅದೇ ಹೊತ್ತಿಗೆ ಬಾಗಿಲ ಪಕ್ಕ ನಿಂತು ಜಪಸರದ ಒಂದು ಹತ್ತು ಮಣಿ ಮುಗಿಸುತ್ತಿದ್ದರಂತೆ. ಇನ್ನಿಬ್ಬರು ಸುಮ್ನೆ ಹೊರಗೆ ಹೋಗಿ ಸೂರ್ಯನಿಗೆ ಕೈ ಮುಗಿದು ಬರುತ್ತಿದ್ದರಂತೆ. ಹದಿನಾಲ್ಕು ವರ್ಷದ ಸರ್ವೀಸಿನಲ್ಲಿ ಅಷ್ಟು ದಿನ ನಾನು ನೋಡಿದ್ದು ಬೀಜವನ್ನು, ಮನುಷ್ಯರನ್ನಲ್ಲ.

ಮೂರು ವಾರದಲ್ಲಿ ಹಾಲ್‌ನ ಗಾಳಿಯೇ ಬೇರೆಯಾಯಿತು. ಸಣ್ಣ ಸಣ್ಣದಕ್ಕೆ ಮಾತಿಗೆ ಮಾತು. ಮೊರ ಯಾರದ್ದು, ಕಿಟಕಿ ಪಕ್ಕದ ಜಾಗ ಯಾರದ್ದು ಅಂತ ಜಗಳ. ಸಂಜೆ ಸ್ಯಾಂಪಲ್ ತೆಗೆದು ನೋಡಿದರೆ ನಾಲ್ಕರ ಮೇಲೆ ಆರಿಸಿದ ಬೀಜದಲ್ಲಿ ಕಪ್ಪು ಉಳಿದೇ ಇರುತ್ತಿತ್ತು. ಒಂದು ಲಾಟ್ ಅಂತೂ ವಾಪಸ್ ಬಂತು. ಎರಡು ದಿನ ಕೂತು ಪೂರ್ತಿ ಮತ್ತೆ ಆರಿಸಿದೆವು. ಪ್ರಾರ್ಥನೆ ನಿಂತದ್ದೇ ಇದಕ್ಕೆಲ್ಲ ಕಾರಣ ಅಂತ ನಾನು ಹೇಳುವುದಿಲ್ಲ. ಸೀಸನ್ ಒತ್ತಡ ಇತ್ತು, ಓವರ್‌ಟೈಮ್ ಇತ್ತು. ಆದರೆ ನಾನು ಉಳಿಸಿದ ಹತ್ತು ನಿಮಿಷ ಎಲ್ಲಿಗೂ ಹೋಗಿ ಸೇರಲಿಲ್ಲ, ಅಷ್ಟಂತೂ ಕಣ್ಣಿಗೆ ಕಂಡಿತು.

ನನ್ನ ಮೈಯೂ ಸುಮ್ಮನಿರಲಿಲ್ಲ. ಮಧ್ಯಾಹ್ನ ಕಳೆದರೆ ತಲೆನೋವು. ರಾತ್ರಿ ಮಲಗಿದಾಗಲೂ ಹಲ್ಲು ಕಚ್ಚಿಕೊಂಡೇ ಇರುತ್ತಿದ್ದೆ. ಮನೆಯಲ್ಲಿ ಮಕ್ಕಳ ಮೇಲೆ ಕೂಗಾಟ. ಬಿಪಿ ನೋಡಿಸಿದಾಗ 150ರ ಮೇಲೆ ಇತ್ತು. ಡಾಕ್ಟರು ಮಾತ್ರೆ ಬರೆದರು, ಉಪ್ಪು ಕಡಿಮೆ ಮಾಡಿ, ನಡೆಯಿರಿ ಅಂದರು. ಆಮೇಲೆ ಪೆನ್ನು ಕೆಳಗಿಟ್ಟು ಕೇಳಿದರು: "ದಿನದಲ್ಲಿ ಯಾವಾಗ ಸುಮ್ಮನೆ ಕೂರುತ್ತೀರಿ?" ನನ್ನ ಹತ್ತಿರ ಉತ್ತರ ಇರಲಿಲ್ಲ.

ಅಕ್ಕನ ಮಗಳು ನರ್ಸಿಂಗ್ ಓದುತ್ತಾಳೆ. ಅವಳ ಹತ್ತಿರ ಇದನ್ನೆಲ್ಲ ಹೇಳಿಕೊಂಡೆ. ಅವಳು ಒಂದು ಅಧ್ಯಯನದ ಬಗ್ಗೆ ಹೇಳಿದಳು. 2001ರಲ್ಲಿ ಇಟಲಿಯ ಬೆರ್ನಾರ್ಡಿ ಎಂಬ ವೈದ್ಯರು ಮತ್ತು ಜೊತೆಯವರು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದದ್ದು. 23 ಮಂದಿ ಆರೋಗ್ಯವಂತರನ್ನು ಕೂರಿಸಿ ಎರಡು ಪ್ರಾರ್ಥನೆ ಹೇಳಿಸಿದರಂತೆ. ಒಂದು ಲ್ಯಾಟಿನ್‌ನಲ್ಲಿ ಯೇಸುವಿನ ತಾಯಿ ಮರಿಯಮ್ಮನ ಜಪ, ಕ್ರೈಸ್ತರು ಜಪಸರ ಹಿಡಿದು ಹೇಳುವುದು. ಇನ್ನೊಂದು ಟಿಬೆಟನ್ ಬೌದ್ಧರು ಜಪಿಸುವ 'ಓಂ ಮಣಿ ಪದ್ಮೇ ಹೂಂ'. ಎರಡರಲ್ಲೂ ಉಸಿರು ನಿಮಿಷಕ್ಕೆ ಆರರ ಆಸುಪಾಸಿಗೆ ಇಳಿಯಿತು. ಸಾಧಾರಣವಾಗಿ ಸುಮ್ಮನಿರುವಾಗ ನಾವು ನಿಮಿಷಕ್ಕೆ ಹನ್ನೆರಡರಿಂದ ಇಪ್ಪತ್ತು ಸಲ ಉಸಿರಾಡುತ್ತೇವೆ. ಜಪದ ಒಂದು ಸುತ್ತು ಸುಮಾರು ಹತ್ತು ಸೆಕೆಂಡು ಹಿಡಿಯುತ್ತದೆ, ಉಸಿರು ತಾನಾಗಿಯೇ ಆ ಲೆಕ್ಕಕ್ಕೆ ಬಂದುಬಿಡುತ್ತದೆ. ಬಿಪಿ ಏರಿದ್ದನ್ನು, ಇಳಿದದ್ದನ್ನು ಗಮನಿಸಿ ಹೃದಯದ ಬಡಿತವನ್ನು ಸರಿಮಾಡುವ ಒಂದು ವ್ಯವಸ್ಥೆ ನಮ್ಮ ಮೈಯಲ್ಲೇ ಇದೆ. ಆ ಹೊತ್ತಿನಲ್ಲಿ ಅದು ಇನ್ನೂ ಚುರುಕಾಗಿತ್ತಂತೆ.

ಇದನ್ನು ಕೇಳಿ ನನಗೆ ಮೈ ಜುಮ್ ಅಂದಿತು. ಯಾಕೆ ಅಂದರೆ ಆ ಎರಡೂ ಪ್ರಾರ್ಥನೆ ನಮ್ಮ ಸುತ್ತಮುತ್ತಲೇ ಇವೆ! ಒಂದು ನಮ್ಮ ಹಾಲ್‌ನ ಬಾಗಿಲ ಪಕ್ಕ. ಇನ್ನೊಂದು ಕಾವೇರಿ ದಾಟಿದರೆ ಬೈಲಕುಪ್ಪೆಯಲ್ಲಿ. ಕೈಯಲ್ಲಿ ಮಣಿಸರ ಹಿಡಿದು ನಿಧಾನ ನಡೆಯುವ ಟಿಬೆಟನ್ ಅಜ್ಜಿಯರನ್ನು ಬಸ್ಸಿನಿಂದ ಎಷ್ಟು ಸಲ ನೋಡಿಲ್ಲ ನಾನು.

ನಾನೇ ಪರೀಕ್ಷೆ ಮಾಡಿದೆ. ಹಾಲ್‌ನ ಗಡಿಯಾರ ನೋಡುತ್ತಾ ಉಸಿರು ಎಣಿಸಿದೆ. ಹತ್ತೊಂಬತ್ತು. ನಾವು ಕೊಡವರು. ಐನ್‌ಮನೆಯ, ಅಂದರೆ ಕುಲದ ಮೂಲಮನೆಯ, ನೆಲ್ಲಕ್ಕಿ ನಡುಬಾಡೆ ಎಂಬ ನಡುಮನೆಯಲ್ಲಿ ಸಂಜೆ ತೂಕ್‌ಬೊಳಕ್ ಎಂಬ ತೂಗುದೀಪ ಹಚ್ಚಿ, ಕುಲದ ಮೂಲಪುರುಷ ಗುರು ಕಾರೋಣನನ್ನು ನೆನೆಯುವುದು ಚಿಕ್ಕಂದಿನಿಂದ ನೋಡಿದ್ದು. ಫ್ಯಾಕ್ಟರಿಯಲ್ಲಿ ದೀಪ ಹಚ್ಚುವ ಹಾಗಿಲ್ಲ. ಗೋಣಿ ನಾರು, ಸಿಪ್ಪೆಯ ಪುಡಿ, ಒಂದು ಕಿಡಿ ಸಾಕು. ಕಿಟಕಿ ಹತ್ತಿರ ನಿಂತು ಕಣ್ಣು ಮುಚ್ಚಿದೆ. ಗುರು ಕಾರೋಣ, ಕಾವೇರಮ್ಮ, ಇಗ್ಗುತಪ್ಪ. ಒಂದೊಂದು ಹೆಸರಿಗೆ ಒಂದೊಂದು ಉಸಿರು. ಐದು ನಿಮಿಷ ಬಿಟ್ಟು ಮತ್ತೆ ಎಣಿಸಿದೆ. ಏಳು. ಹೆಗಲು ಕಿವಿಯ ಹತ್ತಿರ ಏರಿ ಕೂತಿತ್ತು ಅಂತ ಅದು ಇಳಿದಾಗಲೇ ನನಗೆ ಗೊತ್ತಾದದ್ದು.

ಮರುದಿನ ಉಮ್ಮನ ಹತ್ತಿರ ಹೋಗಿ ತಪ್ಪಾಯಿತು ಅಂದೆ. ಅವರು ನನ್ನ ಕೈ ಹಿಡಿದುಕೊಂಡು, "ನಿಮಗೂ ಮೇಲಿನವರ ಒತ್ತಡ ಇರುತ್ತೆ ಅಲ್ವಾ" ಅಂದರು. ಆಮೇಲೆ ಕಚೇರಿಗೆ ಹೋದೆ. ವಾಪಸ್ ಬಂದ ಲಾಟ್‌ನ ಕಾಗದ ಮೇಜಿನ ಮೇಲಿಟ್ಟು, ನಾಲ್ಕಕ್ಕೆ ಹತ್ತು ನಿಮಿಷ ಬೀಜ ಬರುವ ಬೆಲ್ಟ್ ನಿಲ್ಲಿಸಲು ಒಪ್ಪಿಗೆ ಕೇಳಿದೆ. ಒಂದು ತಿಂಗಳ ಮಟ್ಟಿಗೆ ನೋಡೋಣ ಅಂದರು. ಆ ತಿಂಗಳು ಮುಗಿದು ಎಷ್ಟೋ ಆಯಿತು. ಯಾರೂ ಮತ್ತೆ ಅದರ ಮಾತೆತ್ತಿಲ್ಲ.

ಶುರುವಿನಲ್ಲಿ ನಾನು ಇನ್ನೊಂದು ತಪ್ಪು ಮಾಡಿದೆ. ಗಂಟೆ ಹೊಡೆದು ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಮೌನ ಪ್ರಾರ್ಥನೆ ಅಂದೆ. ಶಾಲೆಯ ಅಸೆಂಬ್ಲಿ ಥರ ಆಯಿತು. ಯಾರಿಗೂ ಮನಸ್ಸು ಇರಲಿಲ್ಲ, ಗಡಿಯಾರವನ್ನೇ ನೋಡುತ್ತಿದ್ದರು. ಒಂದು ವಾರಕ್ಕೆ ಬಿಟ್ಟೆ. ಪ್ರಾರ್ಥನೆಯನ್ನು ಡ್ಯೂಟಿ ಮಾಡಿದರೆ ಅದು ಬಿಡುವು ಆಗುವುದಿಲ್ಲ. ಈಗ ಅವರವರ ಹತ್ತು ನಿಮಿಷ ಅವರವರದ್ದು. ಯಾರು ಏನು ಮಾಡುತ್ತಾರೆ ಅಂತ ನಾನು ನೋಡುವುದಿಲ್ಲ, ಕೇಳುವುದೂ ಇಲ್ಲ. ಲೋಡಿಂಗ್ ಹುಡುಗನೊಬ್ಬ ಬಂದು, "ಅಕ್ಕಾ, ನಾನು ದೇವರನ್ನು ನಂಬಲ್ಲ. ನನಗೂ ಹತ್ತು ನಿಮಿಷ ಉಂಟಾ?" ಅಂತ ಕೇಳಿದ. ಉಂಟು ಮಾರಾಯ ಅಂದೆ. ಅವನು ಸಿಲ್ವರ್ ಓಕ್ ಮರದ ಬುಡದಲ್ಲಿ ಸುಮ್ಮನೆ ಒರಗಿ ಕೂರುತ್ತಾನೆ. ಬೆಳಗ್ಗಿನಿಂದ 50 ಕೆಜಿ ಮೂಟೆ ಹೊತ್ತ ಬೆನ್ನು ಅದು. ಅದಕ್ಕೂ ಬಿಡುವು ಬೇಕು.

ಮೂಲೆಯನ್ನು ಗುಡಿಸಿ ಸಾರಿಸಿದೆವು. ಚಾಪೆ ಹಾಕಿದೆವು. ಹಮಾಲಿಗಳು ಓಡಾಡುವ ದಾರಿ ಅದು, ಹೆಂಗಸರಿಗೆ ಮುಜುಗರ. ಹಳೆ ಗೋಣಿ ಬಿಚ್ಚಿ ಹೊಲಿದು ಪರದೆ ಕಟ್ಟಿದೆವು. ಖರ್ಚು ಏನೂ ಇಲ್ಲ ಎನ್ನಬಹುದು. ಆದರೆ ಆ ಪರದೆ ಬಂದ ದಿನ ಉಮ್ಮನ ಮುಖ ನೋಡಬೇಕಿತ್ತು ನೀವು.

ಹತ್ತಿರದಿಂದ ನೋಡಿದ ಮೇಲೆ ನನಗೆ ಒಂದೊಂದೇ ಅರ್ಥವಾಗುತ್ತಾ ಬಂತು. ನಮ್ಮ ಹಾಲ್‌ನಲ್ಲಿ ಬೀಜದ ತೆಳು ಸಿಪ್ಪೆಯ ಧೂಳು ಸದಾ ಹಾರುತ್ತಿರುತ್ತದೆ. ವುಜೂ, ಅಂದರೆ ನಮಾಜ್‌ಗೆ ಮೊದಲು ಕೈ ಕಾಲು ಮುಖ ತೊಳೆಯುವುದು, ಮಾಡುವಾಗ ಮೂಗಿಗೆ ನೀರು ಎಳೆದು ಹೊರಗೆ ಬಿಡುತ್ತಾರೆ, ಬಾಯಿ ಮುಕ್ಕಳಿಸುತ್ತಾರೆ, ಮೊಣಕೈವರೆಗೆ ತೊಳೆಯುತ್ತಾರೆ. ಕೊಡಗಿನ ತಣ್ಣೀರು ಬೇರೆ. ಮುಖಕ್ಕೆ ಬಿದ್ದರೆ ನಿದ್ದೆ ಎಲ್ಲಿ ಉಳಿಯುತ್ತದೆ ಹೇಳಿ. ಆಮೇಲೆ ನಿಲ್ಲುವುದು, ಬಗ್ಗುವುದು, ಹಣೆ ನೆಲಕ್ಕೆ ಇಡುವುದು, ಏಳುವುದು. ಎರಡೂವರೆ ಗಂಟೆ ಒಂದೇ ಭಂಗಿಯಲ್ಲಿ ಕುಗ್ಗಿ ಕೂತ ಸೊಂಟಕ್ಕೆ, ಮೊಣಕಾಲಿಗೆ ಇದು ಎಷ್ಟು ಹಿತ ಅಂತ ಬೇರೆ ಹೇಳಬೇಕಿಲ್ಲ. ಅವರು ಅದನ್ನು ವ್ಯಾಯಾಮ ಅಂತ ಮಾಡುವುದಿಲ್ಲ, ದೇವರಿಗೆ ಅಂತ ಮಾಡುತ್ತಾರೆ. ಮೈಗೆ ಸಿಗಬೇಕಾದದ್ದು ಮೈಗೂ ಸಿಗುತ್ತದೆ.

ಕಣ್ಣಿನ ವಿಷಯ ನನಗೆ ಎಲ್ಲಕ್ಕಿಂತ ಮುಖ್ಯ. ಹತ್ತಿರದ ಸಣ್ಣ ವಸ್ತುವನ್ನೇ ದಿಟ್ಟಿಸುವಾಗ ನಾವು ರೆಪ್ಪೆ ಮಿಟುಕಿಸುವುದು ಕಡಿಮೆ. ಕಣ್ಣು ಒಣಗಿ ಉರಿಯುತ್ತದೆ. ಪ್ರತಿ 20 ನಿಮಿಷಕ್ಕೊಮ್ಮೆ, 20 ಅಡಿ ದೂರದ್ದನ್ನು, 20 ಸೆಕೆಂಡು ನೋಡಿ ಅಂತ ಕಣ್ಣಿನ ಡಾಕ್ಟರುಗಳು ಹೇಳುತ್ತಾರೆ. ಕೆಲಸದ ಭರದಲ್ಲಿ ಯಾರಿಗೆ ನೆನಪಿರುತ್ತದೆ? ಕಣ್ಣು ಮುಚ್ಚಿ ಜಪ ಮಾಡುವವರಿಗೆ, ದೂರದ ಗುಡ್ಡ ನೋಡಿ ಕೈ ಮುಗಿಯುವವರಿಗೆ ದಿನಕ್ಕೊಮ್ಮೆಯಾದರೂ ಈ ಬಿಡುವು ತಪ್ಪದೆ ಸಿಗುತ್ತದೆ.

ಮೊಬೈಲ್ ಬಗ್ಗೆ ಒಂದು ಮಾತು. ಮೊದಮೊದಲು ಕೆಲವರು ಆ ಹತ್ತು ನಿಮಿಷ ರೀಲ್ಸ್ ನೋಡುತ್ತಿದ್ದರು. ನಾನು ತಡೆಯಲಿಲ್ಲ. ಆದರೆ ವಾಪಸ್ ಬಂದು ಕೂತಾಗ ವ್ಯತ್ಯಾಸ ಗೊತ್ತಾಗುತ್ತಿತ್ತು. ಕಣ್ಣಿಗೆ ಮತ್ತೆ ಹತ್ತಿರದ್ದೇ ಕೆಲಸ, ತಲೆಯಲ್ಲಿ ಹತ್ತು ಹೊಸ ವಿಷಯ. ಅವರೇ ನಿಧಾನಕ್ಕೆ ಫೋನನ್ನು ಬುಟ್ಟಿಯಲ್ಲಿಟ್ಟು ಹೊರಗೆ ಹೋಗಲು ಶುರುಮಾಡಿದರು. ಪ್ರಾರ್ಥನೆಗೆ ಒಂದು ಮೊದಲು, ಒಂದು ಕೊನೆ ಇರುತ್ತದೆ. ನಮಾಜ್ ಮುಗಿಯುತ್ತದೆ, ಹತ್ತು ಮಣಿ ಮುಗಿಯುತ್ತದೆ. ಮುಗಿಸಿ ಏಳುವವರ ಮನಸ್ಸು ಅರ್ಧಕ್ಕೆ ಎಲ್ಲೂ ಸಿಕ್ಕಿಕೊಂಡಿರುವುದಿಲ್ಲ. ಫೋನಿಗೆ ಆ ಕೊನೆ ಇಲ್ಲ.

ಇನ್ನು, ಮನಸ್ಸಿನಲ್ಲಿದ್ದ ಭಾರ. ನಮ್ಮಲ್ಲಿ ಒಬ್ಬಳು ತಂಗಿ ಇದ್ದಾಳೆ. ಗಂಡನ ಕುಡಿತ, ಮೈಕ್ರೋಫೈನಾನ್ಸ್ ಕಂತು, ಎರಡೂ ಅವಳ ತಲೆ ಮೇಲೆ. ಅವಳು ಒಂದು ಸಲ ನನಗೆ ಹೇಳಿದಳು: "ನಾಲ್ಕು ಗಂಟೆವರೆಗೆ ಹೇಗೋ ತಡೆದರೆ ಸಾಕು ಅಕ್ಕಾ, ಆಮೇಲೆ ಅದನ್ನೆಲ್ಲ ಒಬ್ಬರ ಹತ್ತಿರ ಹೇಳಬಹುದು." ಆ ಒಬ್ಬರು ಅಂದರೆ ಅವಳ ಮನೆದೇವರು. ಅವಳ ಸಾಲ ಒಂದು ರೂಪಾಯಿಯೂ ಕಡಿಮೆ ಆಗಿಲ್ಲ. ಆದರೆ ಅವಳು ಅಳುತ್ತಾ ಟಾಯ್ಲೆಟ್‌ಗೆ ಓಡುವುದು ಕಡಿಮೆ ಆಗಿದೆ. ಕಂತಿನ ವಿಷಯಕ್ಕೆ ಅವಳ ಜೊತೆ ಹೋಗಿ ಮಾತಾಡುವುದು ನಮ್ಮ ಕೆಲಸ. ಅದನ್ನೂ ಮಾಡಿದೆವು.

ಪ್ರಾರ್ಥನೆ ಔಷಧಿಯ ಜಾಗಕ್ಕೆ ಬರುವುದಿಲ್ಲ. ಇದನ್ನು ನಾನು ಗಟ್ಟಿಯಾಗಿ ಹೇಳುತ್ತೇನೆ, ಯಾಕೆ ಅಂದರೆ ಎದೆ ಉರಿ ಅಂತ ಎರಡು ದಿನ ಸುಮ್ಮನಿದ್ದು, "ದೇವರು ನೋಡಿಕೊಳ್ಳುತ್ತಾನೆ" ಅಂದ ಒಬ್ಬರನ್ನು ನಾವೇ ಆಟೋ ಹತ್ತಿಸಿ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕಾಯಿತು. ಹಾರ್ವರ್ಡ್‌ನ ಹರ್ಬರ್ಟ್ ಬೆನ್ಸನ್ ಎಂಬ ವೈದ್ಯರು 1970ರ ದಶಕದಲ್ಲೇ ಇದನ್ನು ತೋರಿಸಿದ್ದರಂತೆ: ಒಂದು ಪದವನ್ನೋ ಪ್ರಾರ್ಥನೆಯನ್ನೋ ಶಾಂತವಾಗಿ ಮತ್ತೆ ಮತ್ತೆ ಹೇಳಿಕೊಂಡರೆ ಉಸಿರು, ಎದೆಬಡಿತ ಇಳಿಯುತ್ತದೆ. ಅದೇ ಬೆನ್ಸನ್ 2006ರಲ್ಲಿ ಇನ್ನೊಂದು ದೊಡ್ಡ ಪರೀಕ್ಷೆಯ ಫಲಿತಾಂಶ ಕೊಟ್ಟರು. ಅಮೆರಿಕದ ಆರು ಆಸ್ಪತ್ರೆಗಳಲ್ಲಿ ಹೃದಯದ ಬೈಪಾಸ್ ಆದ 1,802 ರೋಗಿಗಳು. ಅವರಲ್ಲಿ ಕೆಲವರಿಗಾಗಿ ಬೇರೆಯವರು ದೂರದಿಂದ ಪ್ರಾರ್ಥಿಸಿದರು. ಗುಣವಾಗುವುದರಲ್ಲಿ ಅದರಿಂದ ಲಾಭ ಕಾಣಲಿಲ್ಲ. ನಾನು ಹೇಳುತ್ತಿರುವುದು ಪ್ರಾರ್ಥಿಸುವವರ ಸ್ವಂತ ಉಸಿರು, ಸ್ವಂತ ಮೈ, ಸ್ವಂತ ಮನಸ್ಸಿನ ವಿಷಯ. ನನ್ನ ಬಿಪಿ ಮಾತ್ರೆ ದಿನಾ ತೆಗೆದುಕೊಳ್ಳುತ್ತೇನೆ. ಡೋಸ್ ಬದಲಿಸುವುದು ಡಾಕ್ಟರು.

ನನ್ನಂತೆ ಸೂಪರ್‌ವೈಸರ್ ಕೆಲಸದಲ್ಲಿ ಇರುವವರಿಗೆ, ತೋಟದ ಲೆಕ್ಕ ಬರೆಯುವ ರೈಟರ್‌ಗಳಿಗೆ, ಮೇಸ್ತ್ರಿಗಳಿಗೆ ನನ್ನದೊಂದು ಕೋರಿಕೆ. ಬಿಡುವು ಕೊಡುವಾಗ ಮುಖ ಸಿಂಡರಿಸಬೇಡಿ. ವಾಚು ನೋಡುತ್ತಾ ಬಾಗಿಲಲ್ಲಿ ನಿಲ್ಲಬೇಡಿ. ಅದು ಕೊಟ್ಟು ಕಸಿದ ಹಾಗೆ. ರಂಜಾನ್ ಈಚೆಗೆ ಕಾಫಿ ಸೀಸನ್ನಿನ ಮಧ್ಯೆಯೇ ಬರುತ್ತಿದೆ. ಉಪವಾಸ ಇರುವವರಿಗೆ ಧೂಳಿನ ಜಾಗ ಬಿಟ್ಟು ಕಿಟಕಿ ಪಕ್ಕದ ಜಾಗ ಕೊಡಿ. ತುಲಾ ಸಂಕ್ರಮಣಕ್ಕೆ ತಲಕಾವೇರಿಗೆ ಹೋಗುವವರಿಗೆ ರಜೆ ಮೊದಲೇ ಬರೆದಿಡಿ. ಶುಭ ಶುಕ್ರವಾರ ಯಾವಾಗ ಅಂತ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ. ಅವರು ಕೇಳುವ ಮೊದಲೇ ಕೊಟ್ಟರೆ ಅವರಿಗೆ ಅದೊಂದು ಗೌರವ.

ಕಳೆದ ವಾರ ನಾಲ್ಕಕ್ಕೆ ಸರಿಯಾಗಿ ಒಂದು ಲಾರಿ ಬಂತು. ಮಂಗಳೂರಿಗೆ ಹೋಗುವ ಲೋಡ್. ಡ್ರೈವರ್ ಇಂಜಿನ್ ಆಫ್ ಮಾಡದೆ ಹಾರ್ನ್ ಮೇಲೆ ಹಾರ್ನ್. ಘಾಟಿ ಇಳಿಯಬೇಕು, ಕತ್ತಲಾಗುತ್ತೆ ಅಂತ ಅವನ ಅವಸರ. ನಾನು ಹೊರಗೆ ಹೋಗಿ, "ಹತ್ತು ನಿಮಿಷ ಅಣ್ಣ, ನಮ್ಮವರು ಪ್ರಾರ್ಥನೆಯಲ್ಲಿದ್ದಾರೆ" ಅಂದೆ. ಅವನು ಒಳಗೆ ಬಗ್ಗಿ ನೋಡಿದ. ಬೆಲ್ಟ್ ನಿಂತಿತ್ತು. ಪರದೆಯ ಕೆಳಗೆ ಉಮ್ಮನ ಒದ್ದೆ ಪಾದ ಕಾಣುತ್ತಿತ್ತು. ಬಾಗಿಲ ಪಕ್ಕ ಅಕ್ಕನ ಬೆರಳು ಮಣಿ ದಾಟುತ್ತಿತ್ತು. ಅವನು ಇಂಜಿನ್ ಆಫ್ ಮಾಡಿ ಕೆಳಗಿಳಿದ. ತಲೆಗೆ ಸುತ್ತಿದ್ದ ಟವೆಲ್ ಬಿಚ್ಚಿ ಹೆಗಲಿಗೆ ಹಾಕಿಕೊಂಡು, ದನಿ ತಗ್ಗಿಸಿ ಕೇಳಿದ: "ನಲ್ಲಿ ಎಲ್ಲಿದೆ ಅಕ್ಕಾ?"