‘ಕಡೆಗೆ ಅವರೆಲ್ಲ ಸರಿಯಾದರಾ?’

ನೇಪಾಳದಿಂದ ಊರಿಗೆ ಮರಳಿ ಹತ್ತು ವರ್ಷ ದಾಟಿತು. ಉಡುಪಿಯ ಸಿಟಿ ಬಸ್ ನಿಲ್ದಾಣದಲ್ಲಿ ಸಿಕ್ಕವರು, ಮದುವೆ ಊಟದ ಪಂಕ್ತಿಯಲ್ಲಿ ಪಕ್ಕ ಕುಳಿತವರು, ಮಂಗಳೂರಿನಲ್ಲಿ ನನ್ನೊಂದಿಗೆ ಸಮಾಜಕಾರ್ಯ ಓದಿದ ಗೆಳತಿಯರು ಕೂಡ ಕೇಳುವುದು ಒಂದೇ ಪ್ರಶ್ನೆ. ಮಾವೋವಾದಿ ಸೇನೆ ಬಿಟ್ಟು ಬಂದ ಹುಡುಗ ಹುಡುಗಿಯರ ಜೊತೆ ಮೂರು ವರ್ಷ ಕೆಲಸ ಮಾಡಿದೆಯಲ್ಲ, ಕಡೆಗೆ ಅವರೆಲ್ಲ ಸರಿಯಾದರಾ?

ಕೇಳುವವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇಲ್ಲ ಎಂದು ಗೊತ್ತು. ಆದರೂ ‘ಸರಿಯಾಗುವುದು’ ಎಂಬ ಮಾತು ಬಂದಾಗಲೆಲ್ಲ ನಾನು ತಡವರಿಸುತ್ತೇನೆ. ಪಂಕ್ತಿಯಲ್ಲಿ ಕುಳಿತು ಹೇಳಿ ಮುಗಿಸಲಾಗದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ನೇಪಾಳದ ಅಂತರ್ಯುದ್ಧ 1996ರ ಫೆಬ್ರವರಿಯಲ್ಲಿ ಶುರುವಾಗಿ 2006ರ ನವೆಂಬರ್‌ನ ಶಾಂತಿ ಒಪ್ಪಂದದೊಂದಿಗೆ ಮುಗಿಯಿತು. ಮಾವೋವಾದಿ ಸೈನಿಕರನ್ನು ಏಳು ಮುಖ್ಯ ಶಿಬಿರಗಳಲ್ಲಿ ಇರಿಸಿ, ವಿಶ್ವಸಂಸ್ಥೆಯವರು ಒಬ್ಬೊಬ್ಬರನ್ನೇ ವಿಚಾರಿಸಿ ಪಟ್ಟಿ ಮಾಡಿದರು. 19,602 ಮಂದಿ ಪಟ್ಟಿಗೆ ಸೇರಿದರು. 4,008 ಮಂದಿ ಹೊರಗುಳಿದರು. ಹೊರಗುಳಿದವರಲ್ಲಿ 2,973 ಮಂದಿ, ಗಡುವೆಂದು ಗೊತ್ತುಮಾಡಿದ್ದ 2006ರ ಮೇ 25ರಂದು ಹದಿನೆಂಟು ತುಂಬಿರದವರು. ಉಳಿದವರು ಆ ದಿನದ ಬಳಿಕ ಸೇನೆ ಸೇರಿದವರು.

ಹೀಗೆ ಹೊರಗುಳಿದವರಿಗೆ ಬಿದ್ದ ಹೆಸರು ‘ಅಯೋಗ್ಯ’. ನೇಪಾಳಿಯಲ್ಲಿ ಅದು ಅರ್ಹತೆ ಇಲ್ಲದವರು ಎಂಬ ಅರ್ಥದ ಕಚೇರಿಯ ಮಾತು. ಕನ್ನಡದಲ್ಲಿ ಬೆಳೆದ ನನಗೆ ಮೊದಲ ಸಲ ಅದನ್ನು ಕೇಳಿದಾಗ ಎದೆ ಧಸಕ್ಕೆಂದಿತು. ನಮ್ಮಲ್ಲಿ ಯಾರನ್ನಾದರೂ ಅಯೋಗ್ಯ ಎಂದರೆ ಅದು ಬೈಗುಳ. ಆಮೇಲೆ ತಿಳಿಯಿತು, ಅವರಿಗೂ ಅದು ಬೈಗುಳವಾಗಿಯೇ ಕೇಳಿಸುತ್ತಿತ್ತು. ‘ನೀನು ಮಗುವಾಗಿದ್ದೆ, ನಿನ್ನನ್ನು ಅಲ್ಲಿಗೆ ಎಳೆದದ್ದೇ ತಪ್ಪು’ ಎಂದು ಹೇಳಬೇಕಾಗಿದ್ದ ಕಾನೂನು ಅವರ ಕಿವಿಗೆ ಮುಟ್ಟಿದ್ದು ಹೀಗೆ. ಅದೂ ಕೂಡಲೇ ಅಲ್ಲ. ಬಿಡುಗಡೆ ನಡೆದದ್ದು 2010ರ ಜನವರಿ, ಫೆಬ್ರವರಿಯಲ್ಲಿ. ಅಷ್ಟರಲ್ಲಿ ಹದಿನಾರರ ಹುಡುಗನಿಗೆ ಇಪ್ಪತ್ತಾಗಿತ್ತು. ಎರಡು ವರ್ಷದ ಬಳಿಕ, ಪಟ್ಟಿಯಲ್ಲಿದ್ದವರು ಸ್ವಯಂನಿವೃತ್ತಿ ಪಡೆದಾಗ ದರ್ಜೆಗೆ ತಕ್ಕಂತೆ ಐದರಿಂದ ಎಂಟು ಲಕ್ಷ ನೇಪಾಳಿ ರೂಪಾಯಿ ಸಿಕ್ಕಿತು. ಹೊರಗುಳಿದವರಿಗೆ ಆ ಹಣವಿಲ್ಲ. ತರಬೇತಿ ಅಥವಾ ಓದು, ಅಷ್ಟೇ. ಒಂದೇ ಕಂಬಳಿಯಡಿ ಮಲಗಿದ್ದ ಇಬ್ಬರಲ್ಲಿ ಒಬ್ಬ ಜಮೀನು ಕೊಂಡ, ಇನ್ನೊಬ್ಬ ಹೊಲಿಗೆ ಯಂತ್ರವನ್ನು ಬಸ್ಸಿನ ಮೇಲೆ ಕಟ್ಟಿಸಿಕೊಂಡು ಊರಿಗೆ ಹೋದ.

ನಾನು ಇದ್ದದ್ದು ಚಿತ್ವನ್ ಜಿಲ್ಲೆಯ ಭರತ್‌ಪುರದಲ್ಲಿ. ತರಬೇತಿಗೆ ಸೇರುವವರು ಒಂದು ಅರ್ಜಿ ತುಂಬಬೇಕಿತ್ತು. ಅದರಲ್ಲಿ ‘ಹಿಂದಿನ ಅನುಭವ’ ಎಂಬ ಕಾಲಂ ಇತ್ತು. ಹುಡುಗನೊಬ್ಬ ಹೆಸರು, ಊರು, ಓದಿದ ತರಗತಿ ಎಲ್ಲವನ್ನೂ ದುಂಡಗೆ ಬರೆದು, ಆ ಕಾಲಂನಲ್ಲಿ ಒಂದು ಗೆರೆ ಎಳೆದ. ಎಷ್ಟು ಒತ್ತಿ ಎಳೆದನೆಂದರೆ ಕಾಗದ ಹರಿಯಿತು. ಇನ್ನೊಂದು ಅರ್ಜಿ ತಂದುಕೊಟ್ಟು, ದಳದಲ್ಲಿದ್ದಾಗ ಬೆಳಿಗ್ಗೆ ಎದ್ದು ಏನು ಮಾಡುತ್ತಿದ್ದೆ ಎಂದು ಕೇಳಿದೆ. ನಾಲ್ಕು ಗಂಟೆಗೆ ಒಲೆ ಹಚ್ಚುತ್ತಿದ್ದೆ ಎಂದ. ಎಷ್ಟು ಜನರಿಗೆ ಅಡುಗೆ? ಮೂವತ್ತೈದು, ಕೆಲವೊಮ್ಮೆ ಎಪ್ಪತ್ತು. ಮಾತು ಶುರುವಾದ ಮೇಲೆ ನಿಲ್ಲಲಿಲ್ಲ. ಹೊಗೆ ಮೇಲೇಳದ ಹಾಗೆ ಒಲೆ ಹೂಡುವುದು, ಹಸಿ ಸೌದೆ ಮಾತ್ರ ಇದ್ದಾಗ ಬೆಂಕಿ ಎಬ್ಬಿಸುವುದು, ಒಂದು ಮೂಟೆ ಅಕ್ಕಿಯನ್ನು ಎಷ್ಟು ಹೊತ್ತಿನ ಊಟಕ್ಕೆ ಬರಿಸುವುದು, ಎಲ್ಲವನ್ನೂ ಬೆರಳು ಮಡಿಸಿ ಮಡಿಸಿ ಲೆಕ್ಕ ಹೇಳಿದ. ಹದಿಮೂರನೆಯ ವಯಸ್ಸಿನಿಂದ ಅವನು ಮಾಡಿದ್ದು ಬಹುಪಾಲು ಅಡುಗೆ ಮತ್ತು ಹೊರೆ ಹೊರುವ ಕೆಲಸ. ಬಂದೂಕು ಕೈಗೆ ಬಂದದ್ದು ಕೊನೆಗೆ. ಇಬ್ಬರೂ ಸೇರಿ ಆ ಕಾಲಂನಲ್ಲಿ ‘ಎಪ್ಪತ್ತು ಜನರಿಗೆ ಎರಡು ಹೊತ್ತಿನ ಅಡುಗೆ’ ಎಂದು ಬರೆದೆವು. ಅವನು ಅದನ್ನು ಎರಡು ಸಲ ಓದಿಕೊಂಡ.

ಸೇನೆ, ಸಶಸ್ತ್ರ ಗುಂಪುಗಳಿಗೆ ಸೇರಿಸಿಕೊಂಡ ಮಕ್ಕಳ ಬಗ್ಗೆ ಇರುವ ಅಂತರರಾಷ್ಟ್ರೀಯ ಮಾರ್ಗಸೂಚಿ, 2007ರ ಪ್ಯಾರಿಸ್ ತತ್ವಗಳು, ಹೇಳುವುದೂ ಇದನ್ನೇ. ಅಡುಗೆಗೆ, ಹೊರೆಗೆ, ಸುದ್ದಿ ಒಯ್ಯಲು, ಬೇಹಿಗೆ, ಹೀಗೆ ಯಾವ ಕೆಲಸಕ್ಕೆ ಬಳಸಿದ್ದರೂ ಆ ಮಗು ಸಶಸ್ತ್ರ ಗುಂಪಿನಿಂದ ಬಿಡಿಸಿ ತರಬೇಕಾದ ಮಗುವೇ. ನಮ್ಮ ಕಣ್ಣಿಗೆ ಮಾತ್ರ ಬಂದೂಕು ಒಂದೇ ಕಾಣುತ್ತದೆ.

ನನ್ನಿಂದ ಒಂದು ತಪ್ಪಾಯಿತು. ಮೊದಲ ತಿಂಗಳಲ್ಲಿ ಒಬ್ಬನ ಮನೆಗೆ ಸಂಸ್ಥೆಯ ಹೆಸರು ಬರೆದ ಬಿಳಿ ಜೀಪಿನಲ್ಲಿ ಹೋದೆ. ಊರಿನವರಿಗೆ ಅವನು ಗಾರೆ ಕೆಲಸಕ್ಕೆಂದು ಹೋಗಿದ್ದ ಮಗ. ಜೀಪು ಅಂಗಳದಲ್ಲಿ ನಿಂತು ಹತ್ತು ನಿಮಿಷದಲ್ಲಿ ಬೇಲಿಯಾಚೆ ಜನ ಸೇರಿದರು. ಮರುವಾರ ಅವನು ಊರು ಬಿಟ್ಟ. ಕತಾರ್‌ಗೆ ಹೋದನೆಂದು ತಾಯಿ ಹೇಳಿದರು. ಆಮೇಲೆ ನಾನು ಯಾರ ಮನೆಗೂ ಜೀಪಿನಲ್ಲಿ ಹೋಗಲಿಲ್ಲ. ಬಸ್ಸಿನಲ್ಲಿ ಹೋಗಿ, ಉಳಿದ ದಾರಿ ನಡೆದೆ. ಆದರೆ ಅವನ ಪಾಲಿಗೆ ಆದದ್ದು ಆಗಿಹೋಗಿತ್ತು.

ಇನ್ನೊಂದು ಊರಿನಲ್ಲಿ ಶಾಲಾ ಮಾಸ್ತರರೊಬ್ಬರು ಕೇಳಿದರು, ‘ನನ್ನ ಮಗನೂ ಅದೇ ವಯಸ್ಸಿನವನು. ಯಾರು ಕರೆದರೂ ಹೋಗಲಿಲ್ಲ, ಮನೆಯಲ್ಲೇ ಉಳಿದ. ಅವನಿಗೆ ಯಾವ ತರಬೇತಿ?’ ನನ್ನ ಬಳಿ ಉತ್ತರವಿರಲಿಲ್ಲ. ಕೇಳಿದ್ದು ನ್ಯಾಯವಾಗಿತ್ತು. ಮುಂದಿನ ತಂಡದಲ್ಲಿ ಆ ಊರಿನ ಇತರ ಮಕ್ಕಳಿಗೂ ಕೆಲವು ಸ್ಥಾನ ಇಡಿಸಲು ನಾನು ಮೇಲಿನವರೊಂದಿಗೆ ಜಗಳವಾಡಿದ್ದು ಆ ಮಾತಿನಿಂದಾಗಿ.

ಹುಡುಗಿಯರ ಕಷ್ಟವೇ ಬೇರೆ. ಒಬ್ಬಳ ಬಗ್ಗೆ ಮಾತ್ರ ಹೇಳುತ್ತೇನೆ. ದಲಿತರ ಮನೆಯ ಹುಡುಗಿ. ದಳದಲ್ಲಿ ಅವಳ ಮಾತನ್ನು ಒಂಬತ್ತು ಗಂಡಸರು ಕೇಳುತ್ತಿದ್ದರು. ಅಲ್ಲಿ ಎಲ್ಲರೂ ಒಂದೇ ಹಂಡೆಯ ಅನ್ನ ಉಂಡವರು. ಶಿಬಿರದಲ್ಲೇ ಮೇಲ್ಜಾತಿಯ ಹುಡುಗನನ್ನು ಮದುವೆಯಾದಳು. ಶಿಬಿರಗಳಲ್ಲಿ ಅಂಥ ಮದುವೆಗಳು ಬೇಕಾದಷ್ಟು ಆಗಿದ್ದವು. ಬಿಡುಗಡೆಯಾಗಿ ಗಂಡನ ಮನೆಗೆ ಬಂದಾಗ ಅತ್ತೆ ಅವಳಿಗೊಂದು ತಟ್ಟೆ ಬೇರೆ ಮಾಡಿದರು. ಉಂಡ ಮೇಲೆ ಅವಳೇ ತೊಳೆದು ದನದ ಹಟ್ಟಿಯ ಗೋಡೆಗೆ ಮಗುಚಿ ಒರಗಿಸಬೇಕು. ನಾನು ಹೋದ ದಿನ ತಟ್ಟೆ ಅಲ್ಲೇ ಇತ್ತು, ಸ್ಟೀಲಿನದು, ಅಂಚಿನಲ್ಲಿ ಸಣ್ಣ ತಗ್ಗು. ‘ದೀದಿ, ನಿಮ್ಮ ತರಬೇತಿಯಲ್ಲಿ ಅತ್ತೆಗೆ ಏನಾದರೂ ಇದೆಯೇ?’ ಎಂದು ಕೇಳಿದಳು. ನಗಲಿಲ್ಲ. ನಿಜವಾಗಿ ಕೇಳಿದ್ದಳು.

ಏನೂ ಇರಲಿಲ್ಲ. ಅವಳು ಆರೋಗ್ಯ ಸಹಾಯಕಿಯ ತರಬೇತಿ ಪಡೆದಳು. ನಾನು ಆ ಮನೆಗೆ ಹೋದಾಗಲೆಲ್ಲ ಅತ್ತೆಯ ಜೊತೆ ಜಗಲಿಯಲ್ಲಿ ಕುಳಿತು ಸಾಸಿವೆ ಬೆಳೆ, ಎಮ್ಮೆ, ಮೊಣಕಾಲು ನೋವು ಎಂದು ಮಾತಾಡಿದೆ. ಆ ಅಮ್ಮನಿಗೆ ರಕ್ತದೊತ್ತಡವಿತ್ತು. ರಕ್ತದೊತ್ತಡ ನೋಡಲು ಸೊಸೆ ತೋಳಿಗೆ ಪಟ್ಟಿ ಸುತ್ತಬೇಕು, ಸುತ್ತಬೇಕಾದರೆ ಮುಟ್ಟಬೇಕು. ಎರಡು ಸಲ ಬೇಡವೆಂದರು. ಮೂರನೆಯ ಸಲ ತಲೆ ಸುತ್ತು ಬಂದಿತ್ತು. ಮುಖ ಆಚೆ ತಿರುಗಿಸಿ ತೋಳು ಚಾಚಿದರು. 2013ರಲ್ಲಿ ನಾನು ಹೊರಡುವಾಗ ತಟ್ಟೆ ಹಟ್ಟಿಯಿಂದ ಜಗಲಿಗೆ ಬಂದಿತ್ತು. ಅಡುಗೆಮನೆಗೆ ಬಂದಿರಲಿಲ್ಲ.

ಹೀಗಿರುವಾಗ ಸರಿಯಾದರಾ ಎಂದರೆ ಏನು ಹೇಳಲಿ? ಅಡುಗೆಯ ಹುಡುಗ ಹೆದ್ದಾರಿಯ ಪಕ್ಕ ಹೋಟೆಲಿನಲ್ಲಿದ್ದಾನೆ. ಒಬ್ಬ ಕುಡಿತಕ್ಕೆ ಬಿದ್ದ. ಹಲವರು ಕೊಲ್ಲಿಗೆ, ಮಲೇಷ್ಯಾಕ್ಕೆ ಹೋದರು. ಅವರಲ್ಲಿ ಸರಿಯಾಗಬೇಕಾದದ್ದು ನನಗೆ ಕಂಡದ್ದು ಸ್ವಲ್ಪ. ಅವರು ಮರಳಿ ಹೋದ ಮನೆಗಳಲ್ಲಿ ಕಂಡದ್ದು ಬಹಳ.

ಕಳೆದ ದೀಪಾವಳಿಗೆ ಕಾಪುವಿನ ದೊಡ್ಡಮ್ಮನ ಮನೆಗೆ ಹೋಗಿದ್ದೆ. ‘ಅಲ್ಲ ಮಾರಾಯ್ತಿ, ಆ ಮಕ್ಕಳು ಕಡೆಗೆ ಸರಿಯಾದರಾ?’ ಎಂದು ಅವರೂ ಕೇಳಿದರು. ತಟ್ಟೆಯ ವಿಷಯ ಹೇಳಿದೆ. ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಿದ್ದ ಕೈ ನಿಂತಿತು.

‘ನಮ್ಮ ಹಟ್ಟಿಯ ಮಾಡಿನಲ್ಲಿ ಗೆರಟೆ ಸಿಕ್ಕಿಸಿ ಇಡುತ್ತಿದ್ದೆವು, ನೆನಪಿದೆಯಾ ನಿನಗೆ? ಕೆಲಸಕ್ಕೆ ಬರುವವರಿಗೆ ಚಹಾ ಕೊಡಲಿಕ್ಕೆ.’

ನೆನಪಿತ್ತು. ಚಿಕ್ಕವಳಿದ್ದಾಗ ಆ ಗೆರಟೆಯಲ್ಲಿ ನೀರು ಕುಡಿಯಲು ಹೋಗಿ ಇದೇ ದೊಡ್ಡಮ್ಮನಿಂದ ಪೆಟ್ಟು ತಿಂದಿದ್ದೆ.

ಬಹಳ ಹೊತ್ತು ಅವರು ಏನೂ ಹೇಳಲಿಲ್ಲ. ಆಮೇಲೆ, ‘ಆ ಹುಡುಗಿ ಈಗ ಎಲ್ಲಿ ಕೂತು ಉಣ್ಣುತ್ತಾಳೆ?’ ಎಂದರು.

ಗೊತ್ತಿಲ್ಲ ಎಂದೆ. ಪ್ರತಿ ವರ್ಷ ದಸರಾ ಹಬ್ಬಕ್ಕೆ ಅವಳ ಸಂದೇಶ ಬರುತ್ತದೆ, ಮಗಳ ಫೋಟೋ ಬರುತ್ತದೆ. ಅದೊಂದನ್ನು ಕೇಳುವ ಧೈರ್ಯ ನನಗೆ ಬಂದಿರಲಿಲ್ಲ. ಯಾವಾಗಲಾದರೂ ಫೋನ್ ಮಾಡಿ ಕೇಳುತ್ತೇನೆ ಎಂದೆ.

‘ಈಗಲೇ ಮಾಡು’ ಎಂದರು ದೊಡ್ಡಮ್ಮ.