ಟೊಂಕ ಕಟ್ಟುವುದನ್ನು ನಾನು ಕಲಿತದ್ದು

ಎರಡು ವರ್ಷದ ಹಿಂದಿನ ಡಿಸೆಂಬರ್. ಭತ್ತದ ಸುಗ್ಗಿ ಜೋರಾಗಿತ್ತು. ಮೇಜಿನ ಕೆಳಗೆ ಬಿದ್ದ ತೂಕದ ಚೀಟಿಯನ್ನು ಎತ್ತಿಕೊಳ್ಳಲು ಬಗ್ಗಿದವನು ಮೇಲೇಳಲಿಲ್ಲ. ಟೊಂಕದೊಳಗೆ ಯಾರೋ ಚಾಕು ತಿರುವಿದಂತಾಯಿತು. ಕುರ್ಚಿಯಿಂದ ಜಾರಿ, ಭತ್ತದ ಧೂಳು ತುಂಬಿದ ನೆಲದ ಮೇಲೆ ಒಂದು ಮಗ್ಗುಲಾಗಿ ಬಿದ್ದುಕೊಂಡೆ. ಉಸಿರು ಎಳೆದುಕೊಂಡರೂ ನೋವು, ಬಿಟ್ಟರೂ ನೋವು. ಹೊರಗೆ ಲಾರಿಯಿಂದ ಚೀಲ ಇಳಿಸುತ್ತಿದ್ದ ಹಮಾಲರು ಕೆಲಸ ಬಿಟ್ಟು ಓಡಿ ಬಂದು, ನನ್ನನ್ನು ಖಾಲಿ ಗೋಣಿಚೀಲಗಳ ಮೇಲೆ ಮಲಗಿಸಿದರು.

ನಾನು ಗಂಗಾವತಿಯ ಒಂದು ಅಕ್ಕಿ ಗಿರಣಿಯಲ್ಲಿ ಹತ್ತೊಂಬತ್ತು ವರ್ಷದಿಂದ ಗುಮಾಸ್ತ. ಲೆಕ್ಕ ಬರೆಯುವುದು, ತೂಕದ ಚೀಟಿ ಹರಿದು ಕೊಡುವುದು, ರೈತರ ಬಾಕಿ ನೋಡುವುದು ನನ್ನ ಕೆಲಸ. ಸುಗ್ಗಿಯಲ್ಲಿ ಬೆಳಗಿನ ಎಂಟಕ್ಕೆ ಕುಳಿತರೆ ರಾತ್ರಿ ಒಂಬತ್ತಾಗುತ್ತದೆ. ಇಷ್ಟು ವರ್ಷದಲ್ಲಿ ಒಂದು ಚೀಲವನ್ನೂ ಹೊತ್ತವನಲ್ಲ. ದಿನಕ್ಕೆ ನೂರಾರು ಚೀಲ ಹೊರುವವರ ಕಣ್ಣೆದುರು, ಒಂದು ಚೂರು ಕಾಗದ ಎತ್ತಲು ಹೋದವನ ಬೆನ್ನು ಏಕೆ ಕೈಕೊಟ್ಟಿತು? ನೋವಿಗಿಂತ ಹೆಚ್ಚಾಗಿ ಆ ಪ್ರಶ್ನೆಯೇ ನನ್ನನ್ನು ಕಾಡಿತು. ಅದರ ಉತ್ತರ ನನಗೆ ಸಿಕ್ಕ ಬಗೆಯನ್ನು ಬರೆಯಬೇಕೆಂದು ಬಹಳ ದಿನದಿಂದ ಇತ್ತು. ಏಕೆಂದರೆ ನಮ್ಮ ಊರಿನಲ್ಲಿ ಮನೆಗೊಬ್ಬರಂತೆ ಟೊಂಕ ಹಿಡಿದುಕೊಂಡು ಓಡಾಡುವವರಿದ್ದಾರೆ.

ಮೊದಲು ತೋರಿಸಿದ ವೈದ್ಯರು ಎಂ.ಆರ್.ಐ. ಮಾಡಿಸಿದರು. ಸೊಂಟದ ನಾಲ್ಕನೇ ಮತ್ತು ಐದನೇ ಕಶೇರುಗಳ, ಅಂದರೆ ಬೆನ್ನೆಲುಬಿನ ಮಣಿಗಳ, ನಡುವಿನ ಮೆತ್ತೆಯಂಥ ಡಿಸ್ಕ್ ಉಬ್ಬಿದೆ ಎಂದು ವರದಿ ಬಂತು. ಒಂದು ತಿಂಗಳು ಹಾಸಿಗೆ ಬಿಟ್ಟು ಏಳಬೇಡಿ, ಎದ್ದರೆ ಬೆಲ್ಟ್ ಬಿಗಿದುಕೊಳ್ಳಿ ಎಂದರು. ಹಾಗೇ ಮಾಡಿದೆ. ಮೂರು ವಾರ ಕಳೆಯುವ ಹೊತ್ತಿಗೆ ನೋವು ಅರ್ಧವಾಗಿತ್ತು, ಆದರೆ ಶಕ್ತಿ ಅದಕ್ಕಿಂತ ಹೆಚ್ಚು ಇಳಿದಿತ್ತು. ಬಚ್ಚಲಿಗೆ ನಡೆದರೆ ತೊಡೆ ನಡುಗುತ್ತಿತ್ತು. ಬೆಲ್ಟ್ ಬಿಚ್ಚಿದರೆ ನಡುವೇ ಇಲ್ಲವೆನ್ನುವ ಭಯ. ಮಲಗಿದಷ್ಟೂ ಸ್ನಾಯು ಕರಗುತ್ತದೆ, ಸಾಮಾನ್ಯ ಬೆನ್ನುನೋವಿಗೆ ದೀರ್ಘ ಹಾಸಿಗೆ ವಿಶ್ರಾಂತಿ ಈಗ ಯಾವ ಮಾರ್ಗಸೂಚಿಯೂ ಹೇಳುವ ಚಿಕಿತ್ಸೆಯಲ್ಲ ಎಂಬುದು ನನಗೆ ಆಮೇಲೆ ತಿಳಿಯಿತು. ಆ ಮೂರು ವಾರದ ಬಗ್ಗೆ ನನಗೆ ಇಂದಿಗೂ ಸಿಟ್ಟಿದೆ.

ಕೊನೆಗೆ ಹೆಂಡತಿಯ ತಮ್ಮ ಹಠ ಹಿಡಿದು ಕೊಪ್ಪಳಕ್ಕೆ ಕರೆದುಕೊಂಡು ಹೋದ. ಅಲ್ಲಿ ಒಬ್ಬ ಫಿಸಿಯೋಥೆರಪಿಸ್ಟ್ ಹೆಣ್ಣುಮಗಳು. ವರದಿಯನ್ನು ಒಮ್ಮೆ ನೋಡಿ ಪಕ್ಕಕ್ಕಿಟ್ಟರು. "ಅಣ್ಣಾ, ನೋವೇ ಇಲ್ಲದವರನ್ನು ಹಿಡಿದು ಸ್ಕ್ಯಾನ್ ಮಾಡಿದರೂ ಇಂಥ ಉಬ್ಬು ಕಾಣುತ್ತದೆ. ಇಪ್ಪತ್ತರ ವಯಸ್ಸಿನವರಲ್ಲಿ ನೂರಕ್ಕೆ ಮೂವತ್ತು ಜನರಿಗೆ, ಎಂಬತ್ತರವರಲ್ಲಿ ಎಂಬತ್ತಕ್ಕೂ ಹೆಚ್ಚು ಜನರಿಗೆ ಇರುತ್ತದೆ. ಇದನ್ನು ಇಟ್ಟುಕೊಂಡು ಹೆದರಬೇಡಿ" ಎಂದರು. ನನ್ನ ಕಣ್ಣಲ್ಲಿ ನೀರು ಬಂತು. ಮೂರು ವಾರ ನನಗೆ ಯಾರೂ ಹೆದರಬೇಡ ಎಂದಿರಲಿಲ್ಲ.

ಆಮೇಲೆ ನನ್ನನ್ನು ಅಂಗಾತ ಮಲಗಿಸಿ, ಪಕ್ಕೆಲುಬು ಮುಗಿದು ಟೊಂಕದ ಮೂಳೆ ಆರಂಭವಾಗುವ ಮೆತ್ತನೆಯ ಜಾಗದಲ್ಲಿ ನನ್ನದೇ ಬೆರಳುಗಳನ್ನು ಊರಿಸಿದರು. "ಈಗ ಕೆಮ್ಮಿರಿ" ಎಂದರು. ಕೆಮ್ಮಿದೆ. ಒಳಗಿನಿಂದ ಏನೋ ಗಟ್ಟಿಯಾಗಿ ಬೆರಳನ್ನು ಹೊರಕ್ಕೆ ತಳ್ಳಿತು. "ಇದೇ ಬಿಗಿ, ಆದರೆ ಕೆಮ್ಮದೆ. ಹೊಟ್ಟೆಯನ್ನು ಒಳಕ್ಕೆ ಎಳೆದುಕೊಳ್ಳಬೇಡಿ, ಉಬ್ಬಿಸಲೂ ಬೇಡಿ. ಯಾರೋ ಹೊಟ್ಟೆಗೆ ಗುದ್ದಲು ಬಂದರೆ ಹೇಗೆ ಗಟ್ಟಿಯಾಗುತ್ತೀರೋ ಹಾಗೆ. ಉಸಿರಾಟ ಮಾತ್ರ ನಿಲ್ಲಬಾರದು." ಅಂದು ಅದು ಸರಿಯಾಗಿ ಬರಲೇ ಇಲ್ಲ. ಬಿಗಿ ಬಂದರೆ ಉಸಿರು ನಿಲ್ಲುತ್ತಿತ್ತು, ಉಸಿರು ಬಿಟ್ಟರೆ ಬಿಗಿ ಹೋಗುತ್ತಿತ್ತು. ಹತ್ತು ದಿನ ಬರೀ ಅದನ್ನೇ ಅಭ್ಯಾಸ ಮಾಡಿದೆ.

ಫಿಸಿಯೋಥೆರಪಿಯವರು ಕೋರ್ ಎನ್ನುವುದು ಇದನ್ನೇ. ಹೊಟ್ಟೆಯ ಮೇಲೆ ಕಾಣುವ ಗಂಟುಗಳಲ್ಲ. ಟ್ರಾನ್ಸ್‌ವರ್ಸಸ್ ಎಂಬ ಅಡ್ಡಸ್ನಾಯು ಹೊಟ್ಟೆಯನ್ನು ಒಳಗಿನಿಂದ ಪಟ್ಟಿಯಂತೆ ಸುತ್ತಿಕೊಂಡಿದೆ. ಬೆನ್ನೆಲುಬಿನ ಎರಡೂ ಪಕ್ಕಕ್ಕೆ ಮಲ್ಟಿಫಿಡಸ್ ಎಂಬ ಚಿಕ್ಕ ಚಿಕ್ಕ ಸ್ನಾಯುಗಳು ಮಣಿಯಿಂದ ಮಣಿಗೆ ಹೆಣೆದುಕೊಂಡಿವೆ. ಮೇಲೆ ಉಸಿರಾಟದ ಸ್ನಾಯುವಾದ ವಪೆ, ಕೆಳಗೆ ಕಿಬ್ಬೊಟ್ಟೆಯ ತಳದ ಸ್ನಾಯುಗಳು. ಈ ನಾಲ್ಕೂ ಒಟ್ಟಿಗೆ ಬಿಗಿಯಾದರೆ ನಡು ಗಟ್ಟಿಯಾಗುತ್ತದೆ. ನಮ್ಮ ಗಿರಣಿಯಲ್ಲಿ ಇದನ್ನು ಯಾರಿಗೂ ವಿವರಿಸಬೇಕಾಗಿಲ್ಲ. ಒತ್ತಿ ತುಂಬಿ ಬಾಯಿ ಹೊಲಿದ ಚೀಲ ನೆಟ್ಟಗೆ ನಿಲ್ಲುತ್ತದೆ, ಅದರ ಮೇಲೆ ಹತ್ತು ಚೀಲ ಒಟ್ಟಬಹುದು. ಅರೆ ತುಂಬಿದ ಚೀಲ ತನ್ನ ಭಾರಕ್ಕೇ ವಾಲುತ್ತದೆ.

ಆಸ್ಟ್ರೇಲಿಯದ ಸಂಶೋಧಕರು 1996ರಲ್ಲಿ ಒಂದು ಸಂಗತಿ ಕಂಡುಕೊಂಡರು. ಆರೋಗ್ಯವಂತರು ಕೈ ಎತ್ತುವ ಮುಂಚೆಯೇ ಈ ಅಡ್ಡಸ್ನಾಯು ಬಿಗಿಯಾಗಿಬಿಡುತ್ತದೆ. ಟೊಂಕನೋವಿನವರಲ್ಲಿ ಅದು ತಡವಾಗಿ ಎಚ್ಚರಗೊಳ್ಳುತ್ತದೆ. ಇದನ್ನು ಕೇಳಿದಾಗ ಆ ಸಂಜೆಯ ನನ್ನ ಬಗ್ಗುವಿಕೆ ನೆನಪಾಯಿತು. ಹೊತ್ತುಗಟ್ಟಲೆ ಗೂನಾಗಿ ಕುಳಿತರೆ ಬೆನ್ನಿನ ಹಿಂಬದಿಯ ಕಟ್ಟುಗಳು ನಿಧಾನವಾಗಿ ಹಿಗ್ಗಿ ಸಡಿಲವಾಗುತ್ತವೆ. ಆ ಸಡಿಲದಲ್ಲೇ, ನಡು ಬಿಗಿಯದೆ, ಪಕ್ಕಕ್ಕೆ ತಿರುಗಿ ಬಗ್ಗಿದ್ದೆ. ಚೀಟಿಯ ತೂಕಕ್ಕೂ ನನ್ನ ನೋವಿಗೂ ಸಂಬಂಧವಿರಲಿಲ್ಲ.

ಈಗ ನಾನು ದಿನಾ ಮಾಡುವುದು ಮೂರೇ ವ್ಯಾಯಾಮ. ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದಲ್ಲಿ ಬೆನ್ನೆಲುಬಿನ ಮೇಲೆ ದಶಕಗಟ್ಟಲೆ ಸಂಶೋಧನೆ ಮಾಡಿದ ಸ್ಟುವರ್ಟ್ ಮೆಕ್‌ಗಿಲ್ ಆರಿಸಿಕೊಟ್ಟವು ಇವು. ಒಂದರಲ್ಲಿ ಅಂಗಾತ ಮಲಗಿ, ಒಂದು ಕಾಲು ಮಡಿಸಿ, ಟೊಂಕದ ಕೆಳಗಿನ ಸಹಜ ಸಂದಿಯಲ್ಲಿ ಅಂಗೈಗಳನ್ನಿಟ್ಟುಕೊಂಡು, ತಲೆ ಮತ್ತು ಭುಜವನ್ನು ನೆಲದಿಂದ ಸ್ವಲ್ಪವೇ ಎತ್ತಿ ಹಿಡಿಯಬೇಕು. ಸಂದಿ ಮುಚ್ಚಿಹೋಗಬಾರದು. ಇನ್ನೊಂದರಲ್ಲಿ ಮಗ್ಗುಲಾಗಿ ಮಲಗಿ, ಮೊಣಕೈ ಮತ್ತು ಮೊಣಕಾಲಿನ ಮೇಲೆ ಸೊಂಟವನ್ನು ಎತ್ತಿ ನಿಲ್ಲಿಸಬೇಕು.

ಮೂರನೆಯದು ನನಗೆ ಹೆಚ್ಚು ಕಲಿಸಿದ್ದು. ಅಂಬೆಗಾಲಿಟ್ಟಂತೆ ನಿಂತು, ಬಲಗೈ ಮತ್ತು ಎಡಗಾಲನ್ನು ನೇರವಾಗಿ ಚಾಚಬೇಕು, ಆಮೇಲೆ ಎಡಗೈ ಮತ್ತು ಬಲಗಾಲು. ನೋಡಲು ಮಕ್ಕಳಾಟ. ಮಾಡಿದರೆ ಟೊಂಕ ಒಂದು ಕಡೆ ತಿರುಚುತ್ತದೆ, ಹೊಟ್ಟೆ ಜೋತು ಬೀಳುತ್ತದೆ, ನಮಗೆ ಗೊತ್ತೇ ಆಗುವುದಿಲ್ಲ. ಏಳನೇ ತರಗತಿಯ ನನ್ನ ಮಗಳು ಒಂದು ದಿನ ತನ್ನ ಪಾಟೀಚೀಲದಿಂದ ಉದ್ದನೆಯ ಸ್ಕೇಲ್ ತೆಗೆದು ನನ್ನ ಟೊಂಕದ ಮೇಲೆ ಅಡ್ಡಲಾಗಿ ಇಟ್ಟಳು. ಕಾಲು ಎತ್ತಿದ ಕ್ಷಣವೇ ಅದು ಠಣ್ ಎಂದು ನೆಲಕ್ಕೆ ಬಿತ್ತು. "ಅಪ್ಪಾ, ಮತ್ತೆ" ಎಂದಳು. ಹನ್ನೆರಡು ದಿನ ಬಿದ್ದಿತು. ಹದಿಮೂರನೆಯ ದಿನ ಹತ್ತು ಎಣಿಸುವವರೆಗೂ ನಿಂತಿತು. ಅಂದು ಅವಳು ಅಡುಗೆಮನೆಗೆ ಓಡಿ ಅವ್ವನನ್ನು ಕರೆತಂದು ತೋರಿಸಿದಳು.

ಹತ್ತು ಸೆಕೆಂಡಿಗಿಂತ ಹೆಚ್ಚು ಹಿಡಿಯುವುದಿಲ್ಲ. ಮೊದಲ ಸುತ್ತಿಗೆ ಆರು ಸಲ, ಎರಡನೆಯದಕ್ಕೆ ನಾಲ್ಕು, ಮೂರನೆಯದಕ್ಕೆ ಎರಡು. ಬೆನ್ನಿಗೆ ಬೇಕಾದದ್ದು ಒಂದೇ ಸಲದ ಬಲವಲ್ಲ, ದಿನವಿಡೀ ಬಾಳುವ ತಾಳಿಕೆ. ಮಲಗಿ ಪೂರ್ತಿ ಎದ್ದು ಕೂರುವ ಕಸರತ್ತನ್ನು ಐವತ್ತು ನೂರು ಮಾಡಿ ಹೊಟ್ಟೆ ಗಟ್ಟಿ ಮಾಡಿಕೊಳ್ಳಿ ಎನ್ನುವ ವೀಡಿಯೊಗಳು ನನ್ನ ಮೊಬೈಲಿಗೂ ಬರುತ್ತವೆ. ಡಿಸ್ಕಿನ ತೊಂದರೆ ಇದ್ದವರು ಅದರ ಹತ್ತಿರ ಹೋಗಬೇಡಿ. ಮತ್ತೊಂದು ಮಾತು: ರಾತ್ರಿಯೆಲ್ಲ ಡಿಸ್ಕುಗಳು ನೀರು ಹೀರಿ ಉಬ್ಬಿರುತ್ತವೆ, ಅದಕ್ಕೇ ಬೆಳಿಗ್ಗೆ ನಮ್ಮ ಎತ್ತರ ಒಂದಿಷ್ಟು ಹೆಚ್ಚಿರುತ್ತದೆ. ಎದ್ದ ಮೊದಲ ಗಂಟೆಯಲ್ಲಿ ಬಗ್ಗಿ ಭಾರ ಎತ್ತುವುದು ಬೆನ್ನಿಗೆ ಕಷ್ಟ. ತುಂಬಿದ ಕೊಡ ಎತ್ತುವ ಅಕ್ಕತಂಗಿಯರಿಗೆ ಇದನ್ನು ಯಾರಾದರೂ ಹೇಳಬೇಕು. ನಮ್ಮ ಮನೆಯಲ್ಲಿ ಈಗ ಬೆಳಗಿನ ಕೊಡ ಎತ್ತುವುದೇ ಇಲ್ಲ, ಪೈಪು ಎಳೆದು ತುಂಬಿಸುತ್ತೇವೆ.

ಇದರ ಜೊತೆಗೆ ಉಪಕಾಲುವೆಯ ದಂಡೆಯ ಮೇಲೆ ಅರ್ಧ ಗಂಟೆ ನಡೆಯುತ್ತೇನೆ. ನಡಿಗೆಯನ್ನು ನಾನು ಮೊದಲು ಲೆಕ್ಕಕ್ಕೇ ಇಟ್ಟಿರಲಿಲ್ಲ. 2024ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಆಸ್ಟ್ರೇಲಿಯದ ಅಧ್ಯಯನ ನನ್ನ ಅಭಿಪ್ರಾಯ ಬದಲಿಸಿತು. ಟೊಂಕನೋವಿನಿಂದ ಚೇತರಿಸಿಕೊಂಡ 701 ಜನರ ಮೇಲೆ ನಡೆದದ್ದು. ಕ್ರಮವಾಗಿ ನಡಿಗೆ ರೂಢಿಸಿಕೊಂಡವರಲ್ಲಿ ಅರ್ಧದಷ್ಟು ಜನರಿಗೆ ನೋವು ಮರಳುವ ಹೊತ್ತಿಗೆ 208 ದಿನ ಕಳೆದಿತ್ತು, ಉಳಿದವರಲ್ಲಿ 112 ದಿನ. ಖರ್ಚಿಲ್ಲದ ಔಷಧಿ ಇದಕ್ಕಿಂತ ಬೇರೆ ಯಾವುದಿದೆ?

ಆದರೆ ಎಲ್ಲ ಟೊಂಕನೋವಿಗೂ ವ್ಯಾಯಾಮವೇ ಉತ್ತರವಲ್ಲ. ಮೂತ್ರ ಅಥವಾ ಮಲದ ಹಿಡಿತ ತಪ್ಪಿದರೆ, ಕೂರುವ ಭಾಗದಲ್ಲಿ ಜೋಮು ಹಿಡಿದರೆ, ಕಾಲಿನ ಬಲ ಕುಂದಿದರೆ ಒಂದು ರಾತ್ರಿಯೂ ಕಾಯದೆ ಆಸ್ಪತ್ರೆಗೆ ಹೋಗಿ. ನೋವಿನ ಜೊತೆ ಜ್ವರ ಬಂದರೆ, ಕಾರಣವಿಲ್ಲದೆ ತೂಕ ಇಳಿದರೆ, ಬಿದ್ದ ಮೇಲೆ ನೋವು ಶುರುವಾದರೆ ಆಗಲೂ ವೈದ್ಯರೇ ಬೇಕು.

ಮತ್ತೆ ಗಿರಣಿಗೆ ಹೋದ ಮೇಲೆ ನನ್ನ ಕಣ್ಣು ಹಮಾಲರ ಮೇಲೆ ಬಿತ್ತು. ಹತ್ತೊಂಬತ್ತು ವರ್ಷ ನೋಡಿದ್ದರೂ ಗಮನಿಸಿರಲಿಲ್ಲ. ಅವರಲ್ಲಿ ಹಿರಿಯರನ್ನು ಎಲ್ಲರೂ ಕಾಕಾ ಎನ್ನುತ್ತೇವೆ. ಕೆಲಸ ಆರಂಭಿಸುವ ಮುನ್ನ ಅವರು ವಲ್ಲಿಯನ್ನು ಟೊಂಕಕ್ಕೆ ಎರಡು ಸುತ್ತು ಸುತ್ತಿ, ಎಡ ಪಕ್ಕೆಯ ಮೇಲೆ ಗಂಟು ಹಾಕುತ್ತಾರೆ. ಚೀಲದ ಕೆಳಗೆ ಬಂದಾಗ ಪಾದ ಅಗಲಿಸಿ, ಮೊಣಕಾಲು ಮಡಿಸಿ, ಬೆನ್ನು ನೇರ ಇಟ್ಟು ನಿಲ್ಲುತ್ತಾರೆ. ಇಬ್ಬರು ಚೀಲವನ್ನು ಬೆನ್ನಿಗೆ ಕೊಡುವ ಕ್ಷಣದಲ್ಲಿ ಗಂಟಲಿನಿಂದ "ಹುಂ" ಎಂದೊಂದು ಸದ್ದು ಬರುತ್ತದೆ, ವಲ್ಲಿ ಬಿಗಿಯಾಗುತ್ತದೆ. ಕೊಪ್ಪಳದಲ್ಲಿ ಬೆರಳೂರಿಸಿ ನನಗೆ ಕಲಿಸಿದ್ದೇ ಅದು. ಟೊಂಕ ಕಟ್ಟಿ ನಿಲ್ಲುವುದು ಎಂಬ ಮಾತನ್ನು ಬರೀ ಮಾತೆಂದು ಬಳಸುತ್ತಿದ್ದೆ, ಅದು ಮೈಯಿಂದ ಹುಟ್ಟಿದ ಮಾತು.

"ಕಾಕಾ, ನಿಮ್ಮ ಟೊಂಕ ಕಬ್ಬಿಣ" ಎಂದೆ ಒಂದು ದಿನ. ಅವರು ಬೀಡಿ ಆರಿಸಿ, "ನನಗೆ ನೋವಿಲ್ಲ ಎಂದು ಯಾರು ಹೇಳಿದರು ಗುಮಾಸ್ತರೇ? ರಾತ್ರಿ ಮಗ್ಗುಲು ಬದಲಿಸಲು ಗೋಡೆ ಹಿಡಿಯುತ್ತೇನೆ. ಹಗಲು ಹೇಳಿದರೆ ಪಾಳಿ ತಪ್ಪುತ್ತದೆ" ಎಂದರು. ಅವರ ತಮ್ಮ ಇದೇ ಕೆಲಸದಲ್ಲಿ ಟೊಂಕ ಕೆಟ್ಟು, ಈಗ ಮನೆಯ ಮುಂದೆ ಕುಳಿತಿದ್ದಾನಂತೆ.

ನಮ್ಮ ಕಡೆ ಭತ್ತದ ಚೀಲವೆಂದರೆ 75 ಕಿಲೋ. ಒಬ್ಬ ವಯಸ್ಕ ಗಂಡಸು ಹೊರಬಹುದಾದ ಗರಿಷ್ಠ ಭಾರ 55 ಕಿಲೋ ಇರಲಿ ಎಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1967ರಲ್ಲೇ ಶಿಫಾರಸು ಮಾಡಿದೆ. ಒಂದು ಚೀಲಕ್ಕೆ ಇಪ್ಪತ್ತು ಕಿಲೋ ಹೆಚ್ಚು, ದಿನಕ್ಕೆ ನೂರಾರು ಚೀಲ. ಇದನ್ನು ಯಾವ ವ್ಯಾಯಾಮವೂ ಸರಿದೂಗಿಸುವುದಿಲ್ಲ. ಕುಳಿತು ಕುಳಿತು ಸಡಿಲವಾದ ನನ್ನಂಥವರ ನಡುವಿಗೆ ವ್ಯಾಯಾಮ ಬೇಕು, ಅವರಿಗೆ ಬೇಕಾದದ್ದು ಹಗುರ ಚೀಲ. ಮಾಲೀಕರ ಬಳಿ ಎರಡು ಸಲ ಈ ಮಾತು ಎತ್ತಿದ್ದೇನೆ. ಊರಿನ ಪದ್ಧತಿ ನಾವೊಬ್ಬರೇ ಬದಲಿಸಲು ಬರುವುದಿಲ್ಲ ಎಂದರು. ಮೂರನೆಯ ಸಲವೂ ಎತ್ತುತ್ತೇನೆ. ಸದ್ಯ ಲಾರಿಗೆ ಭತ್ತ ಏರಿಸಲು ಒಂದು ಬೆಲ್ಟ್ ಕನ್ವೇಯರ್ ತರಿಸುವುದಕ್ಕೆ ಒಪ್ಪಿದ್ದಾರೆ.

ಕಳೆದ ವಾರ ಮಧ್ಯಾಹ್ನ ಲಾರಿ ಬರುವುದು ತಡವಾಯಿತು. ನಾನು ದಿನಾ ಏನೋ ಮಾಡುತ್ತೇನಂತೆ, ರಾತ್ರಿಯ ಬಿಗಿತಕ್ಕೆ ಆದೀತೇ ಎಂದು ಕಾಕಾ ಕೇಳಿದರು. ಕೊಪ್ಪಳದ ಮೇಡಂ ಅವರಿಗೆ ಫೋನ್ ಮಾಡಿ, ಕಾಕಾರ ನೋವಿನ ಬಗೆ ವಿವರಿಸಿ, ಮೂರನೆಯ ವ್ಯಾಯಾಮವನ್ನು ಮೆಲ್ಲಗೆ ಮಾಡಬಹುದು ಎಂದು ಕೇಳಿ ತಿಳಿದುಕೊಂಡೆ. ಖಾಲಿ ಗೋಣಿಚೀಲ ಹಾಸಿದೆವು. ಕಾಕಾ ಕೈಕಾಲು ಊರಿ, ಬಲಗೈ ಮತ್ತು ಎಡಗಾಲು ಚಾಚಿದರು. ಮೇಜಿನ ಮೇಲಿದ್ದ ಅಡಿಪಟ್ಟಿಯನ್ನು ಅವರ ವಲ್ಲಿಯ ಗಂಟಿನ ಪಕ್ಕ ಅಡ್ಡಲಾಗಿ ಇಟ್ಟೆ. ಹತ್ತು ಎಣಿಸುವವರೆಗೂ ಅದು ಒಂದು ಕೂದಲೆಳೆಯಷ್ಟೂ ಅಲುಗಲಿಲ್ಲ. ಅಷ್ಟರಲ್ಲಿ ಗೇಟಿನ ಹೊರಗೆ ಲಾರಿಯ ಹಾರ್ನ್ ಕೇಳಿಸಿತು. ಹುಡುಗರು ಎದ್ದರು. ಕಾಕಾ ಮಾತ್ರ ಏಳಲಿಲ್ಲ. "ಇನ್ನೊಂದು ಕಡೆಯೂ ಎಣಿಸಿರಿ" ಎಂದು ಎಡಗೈ ಚಾಚಿದರು.